ಪುಸ್ತಕ ಮುಚ್ಚಿ ಓದುವುದು

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಇಡೀ ರಾಜ್ಯ ಬೆಚ್ಚಿತು. ಹಿಂದಿನ ವರ್ಷ ಶೇ 83.89 ಇದ್ದ ತೇರ್ಗಡೆ ಶೇ 73.40ಕ್ಕೆ ಇಳಿದಿತ್ತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಆಸರೆ ಸಿಗದಿದ್ದರೆ ಫಲಿತಾಂಶ ಶೇ 54ರ ಆಸುಪಾಸಿಗೆ ನಿಲ್ಲುತ್ತಿತ್ತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದರು. ಗೋಡೆ ಹತ್ತಿ ಚೀಟಿ ಕೊಡುವ ದಾರಿ ಮುಚ್ಚಿತು. ಮರುವರ್ಷ ಹೆಚ್ಚುವರಿ ಕೃಪಾಂಕವೂ ಹೋಯಿತು. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ಕೊನೆಗೆ ನಿಂತಿತು.

ಆಮೇಲಿನ ಚರ್ಚೆಯೆಲ್ಲ ನಕಲಿನ ಸುತ್ತಲೇ ನಡೆಯಿತು. ನನ್ನನ್ನು ಕಾಡುವುದು ನಕಲು ಮಾಡದ ಮಕ್ಕಳು. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ಹಿಡಿದು ಕೂತು, ಊಟವಾದ ಮೇಲೆ ಮತ್ತೆ ಕೂತು, ನಸುಕಿನಲ್ಲಿ ಎದ್ದು ಓದಿ, ಆದರೂ ನಪಾಸಾದವರು. "ಎಲ್ಲಾ ಓದಿದ್ನಿರಿ ಸರ್, ಪೇಪರ್ ಕೈಯಾಗ ಬಂದ ಕೂಡ್ಲೆ ಒಂದೂ ನೆನಪಾಗ್ಲಿಲ್ರಿ" ಎನ್ನುವ ಮಾತು ನಮ್ಮ ಕಡೆ ಪ್ರತಿ ಏಪ್ರಿಲಿನಲ್ಲಿ ಕೇಳಿಬರುತ್ತದೆ. ಕೇಳಿಸಿಕೊಂಡ ದೊಡ್ಡವರು ಒಂದೋ ಹುಡುಗ ಸುಳ್ಳು ಹೇಳುತ್ತಾನೆ ಅಂದುಕೊಳ್ಳುತ್ತಾರೆ, ಇಲ್ಲವೇ ಅವನು ದಡ್ಡ ಅಂದುಕೊಳ್ಳುತ್ತಾರೆ. ಎರಡೂ ತಪ್ಪು. ಆ ಹುಡುಗ ಓದಿದ್ದು ನಿಜ. ಓದುವುದೆಂದರೆ ಏನು ಮಾಡಬೇಕು ಎಂದು ನಾವು ಅವನಿಗೆ ತೋರಿಸಿಕೊಟ್ಟೆವಲ್ಲ, ದೋಷ ಅಲ್ಲಿದೆ.

ವಿಜಯಪುರ ಜಿಲ್ಲೆಯ ಮಸೂತಿಯಂಥ ಊರನ್ನು ತೆಗೆದುಕೊಳ್ಳಿ. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಎರೆಸೀಮೆ. ಪಕ್ಕದಲ್ಲೇ ಕೂಡಗಿಯ ಉಷ್ಣವಿದ್ಯುತ್ ಸ್ಥಾವರ, 800 ಮೆಗಾವಾಟಿನ ಮೂರು ಘಟಕಗಳದ್ದು. ಇತ್ತ ಆಲಮಟ್ಟಿ ಜಲಾಶಯದ ಹಿನ್ನೀರು. ಅಣೆಕಟ್ಟು, ಕಾಲುವೆ, ಸ್ಥಾವರ ಎಂದು ಈ ಸೀಮೆಯ ನೆಲ ಒಂದೊಂದು ಕಾರಣಕ್ಕೆ ಕೈಬಿಡುತ್ತ ಬಂದಿದೆ. ಹೊಲದ ಮೇಲಿನ ಭರವಸೆ ಕರಗಿದಷ್ಟೂ ಪರೀಕ್ಷೆಯ ಮೇಲಿನ ಭರವಸೆ ಬೆಳೆಯಿತು. ಐಟಿಐ, ಡಿಪ್ಲೊಮಾ, ನರ್ಸಿಂಗ್, ಪೊಲೀಸ್ ಭರ್ತಿ, ಯಾವುದಕ್ಕೆ ಹೋದರೂ ಬಾಗಿಲಲ್ಲಿ ಒಂದು ಅಂಕಪಟ್ಟಿ ಕೇಳುತ್ತಾರೆ. ಇದು ಹೊಸತೂ ಅಲ್ಲ. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಕನ್ನಡ ಶಾಲೆಯ ಮಾಸ್ತರಿಕೆಯೋ ತಲಾಠಿ ಕೆಲಸವೋ ಸಿಗುತ್ತಿತ್ತು. ಮುಲ್ಕಿ ಪಾಸಾದ ಅಜ್ಜನ ಹೆಸರನ್ನು ಮೂರನೆಯ ತಲೆಮಾರು ಇಂದಿಗೂ ಅಭಿಮಾನದಿಂದ ಹೇಳುತ್ತದೆ. ಹಾಗಾಗಿ "ಅಂಕಗಳಲ್ಲಿ ಏನಿದೆ, ಬದುಕು ದೊಡ್ಡದು" ಎಂಬ ಉಪದೇಶವನ್ನು ನಾನು ಈ ಮಕ್ಕಳ ಮುಂದೆ ಮಾಡಲಾರೆ. ಅಂಕವಿಲ್ಲದೆಯೂ ಬೇರೆ ದಾರಿ ಇರುವ ಮನೆಯವರು ಆಡುವ ಮಾತು ಅದು.

ನಮ್ಮಲ್ಲಿ ಓದು ಹೇಗೆ ನಡೆಯುತ್ತದೆ? ಪುಸ್ತಕ ತೆರೆದಿರುತ್ತದೆ. ಮಗು ಗಟ್ಟಿಯಾಗಿ ಓದುತ್ತದೆ. ಪ್ರಶ್ನೋತ್ತರದ ನೋಟ್ಸನ್ನು ಒಂದು ಸಲ, ಎರಡು ಸಲ, ಹತ್ತು ಸಲ ತಿರುವುತ್ತದೆ. ಮುಖ್ಯ ಅನ್ನಿಸಿದ್ದಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯುತ್ತದೆ. ಮನೆಗೆ ಬಂದ ಕಾಕಾ ಕೇಳುವುದು ಒಂದೇ ಪ್ರಶ್ನೆ: "ಎಷ್ಟ್ ತಾಸ್ ಓದ್ತೀಪಾ?" ಆರು ತಾಸು ಅಂದರೆ ಶಾಬಾಸ್, ಎರಡು ತಾಸು ಅಂದರೆ ಬೈಗುಳ. ಓದಿಗೆ ನಮ್ಮಲ್ಲಿರುವ ಅಳತೆ ತಾಸು ಮಾತ್ರ.

ಹತ್ತು ಸಲ ಓದಿದ ಪುಟ ಕಣ್ಣಿಗೆ ಚೆನ್ನಾಗಿ ಪರಿಚಯವಾಗುತ್ತದೆ. ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳು ಎಡಪುಟದ ಕೆಳಗಿವೆ, ಪಕ್ಕದಲ್ಲಿ ವೆಲ್ಲೆಸ್ಲಿಯ ಚಿತ್ರವಿದೆ, ಮೊದಲ ಷರತ್ತು ಓದುತ್ತಿದ್ದಂತೆ ಎರಡನೆಯದು ನಾಲಿಗೆಗೆ ಬರುತ್ತದೆ. ಮಗುವಿಗೆ "ಇದು ನನಗೆ ಬರ್ತದ" ಅನ್ನಿಸುತ್ತದೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಪುಟ ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ. ಕಂಡದ್ದನ್ನು ಗುರುತು ಹಿಡಿಯುವುದು ಒಂದು ಕೆಲಸ, ಕಾಣದ್ದನ್ನು ಒಳಗಿನಿಂದ ಎತ್ತಿ ತರುವುದು ಇನ್ನೊಂದು. ವರ್ಷವಿಡೀ ಮೊದಲನೆಯದನ್ನು ಅಭ್ಯಾಸ ಮಾಡಿಸಿ, ಮಾರ್ಚಿನಲ್ಲಿ ಒಮ್ಮೆಲೇ ಎರಡನೆಯದನ್ನು ಕೇಳುತ್ತೇವೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಕಡಲ ನೀರುನಾಯಿಯ ಬಗ್ಗೆ ಚಿಕ್ಕ ಪಾಠಗಳನ್ನು ಕೊಟ್ಟರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರದ್ದೇ ಮೇಲುಗೈ, ಶೇ 83. ಬರೆದವರು ಶೇ 71. ಒಂದು ವಾರದ ನಂತರ ಲೆಕ್ಕ ತಿರುವುಮುರುವಾಯಿತು. ನಾಲ್ಕು ಅವಧಿ ಓದಿದವರಲ್ಲಿ ಉಳಿದದ್ದು ಶೇ 40. ಒಂದು ಅವಧಿ ಓದಿ ಮೂರು ಅವಧಿ ಬರೆದವರಲ್ಲಿ ಶೇ 61. ಎಷ್ಟು ನೆನಪುಳಿಯಬಹುದೆಂದು ಮೊದಲೇ ಕೇಳಿದಾಗ, ಹೆಚ್ಚು ಧೈರ್ಯದಿಂದ ಉತ್ತರಿಸಿದ್ದವರು ಓದುತ್ತಲೇ ಇದ್ದ ಗುಂಪಿನವರು. ಆ ಗುಂಪಿನಲ್ಲಿ ನನಗೆ ಮಸೂತಿಯ ಹುಡುಗ ಕಾಣುತ್ತಾನೆ. ರಾತ್ರಿ ಓದಿ ಮಲಗುವಾಗ ಅವನಿಗಿದ್ದ ಧೈರ್ಯ ಸುಳ್ಳಲ್ಲ, ಆ ಹೊತ್ತಿಗೆ ಅವನಿಗೆ ಎಲ್ಲವೂ ಬರುತ್ತಿತ್ತು. ಆದರೆ ಅದು ಒಂದು ವಾರ ಉಳಿಯುವಂಥದ್ದಾಗಿರಲಿಲ್ಲ.

2013ರಲ್ಲಿ ಜಾನ್ ಡನ್‌ಲೋಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಓದುವ ವಿಧಾನಗಳನ್ನು ಹಿಡಿದು, ಒಂದೊಂದರ ಮೇಲೂ ನಡೆದ ಸಂಶೋಧನೆಗಳನ್ನು ತೂಗಿ ನೋಡಿದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲಿಗೆ ಬಿದ್ದವು. ಮೇಲೆ ಬಂದವು ಎರಡೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಮತ್ತು ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು. ನಮ್ಮ ಮಕ್ಕಳು ಹೆಚ್ಚು ಹೊತ್ತು ಕಳೆಯುವುದು ಕೆಳಗಿನ ಸಾಲಿನಲ್ಲೇ.

ಹಂಚಿಕೊಳ್ಳುವ ವಿಷಯಕ್ಕೆ ಬಂದರೆ ನಮ್ಮ ಸೀಮೆಯ ವರ್ಷದ ಲಯವನ್ನೇ ನೋಡಬೇಕಾಗುತ್ತದೆ. ಜೂನಿನಲ್ಲಿ ಶಾಲೆ ಶುರು. ದೀಪಾವಳಿಯ ಸುಮಾರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೊರಡುತ್ತದೆ. ಕೆಲವು ಮಕ್ಕಳು ಅಪ್ಪ ಅವ್ವನ ಜೊತೆ ಹೋಗುತ್ತಾರೆ, ಕೆಲವರು ಮುದುಕಿಯ ಜೊತೆ ಉಳಿದು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು, ರಾಶಿ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಬೆನ್ನಿಗೇ ಬಿಳಿಜೋಳದ ಸುಗ್ಗಿ. ಇದೆಲ್ಲದರ ನಡುವೆ ಶಾಲೆಗಳು ಪಠ್ಯ ಮುಗಿಸಲು ಓಡುತ್ತವೆ. ಪುನರಾವರ್ತನೆ, ವಿಶೇಷ ತರಗತಿ, ರಾತ್ರಿ ಓದು, ಪೂರ್ವಸಿದ್ಧತಾ ಪರೀಕ್ಷೆ ಎಲ್ಲವೂ ಆರಂಭವಾಗುವುದು ಆಮೇಲೆ. ಜೂನಿನಲ್ಲಿ ಕಲಿಸಿದ ಪಾಠಕ್ಕೆ ಮಗು ಮರಳುವುದು ಏಳು ತಿಂಗಳು ಕಳೆದ ಮೇಲೆ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಾನು ಬಾಯಿಪಾಠ ಮಾಡಿದ ಅರ್ಥವಿಲ್ಲದ ಅಕ್ಷರಗಳು ತನ್ನ ತಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆಂದು ಅಳೆದು 1885ರಲ್ಲಿ ಪುಸ್ತಕ ಬರೆದ. ಮರೆವು ಮೊದಲ ತಾಸುಗಳಲ್ಲೇ ಹೆಚ್ಚು, ಆಮೇಲೆ ನಿಧಾನ ಎಂದು ಅವನಿಗೆ ಗೊತ್ತಾಯಿತು. ಒಂದೇ ದಿನ ಹಲವು ಸಲ ಓದುವುದಕ್ಕಿಂತ ಕೆಲವು ದಿನಗಳಲ್ಲಿ ಹಂಚಿ ಓದಿದರೆ ಕಡಿಮೆ ಶ್ರಮದಲ್ಲಿ ಹೆಚ್ಚು ನಿಲ್ಲುತ್ತದೆ ಎಂಬುದೂ ಗೊತ್ತಾಯಿತು. ಆಮೇಲಿನ ಸಂಶೋಧಕರು ಅಂತರವನ್ನೂ ಲೆಕ್ಕ ಹಾಕಿದ್ದಾರೆ: ನೆನಪು ಎಷ್ಟು ದೂರದವರೆಗೆ ಬೇಕೋ ಅದಕ್ಕೆ ತಕ್ಕಂತೆ ಅಂತರವೂ ಹಿಗ್ಗಬೇಕು. ತಿಂಗಳುಗಟ್ಟಲೆ ಉಳಿಯಬೇಕಾದ ಪಾಠವನ್ನು ಕೆಲವು ವಾರಗಳಿಗೊಮ್ಮೆ ಮತ್ತೆ ಮುಟ್ಟುತ್ತಿರಬೇಕು. ನಮ್ಮಲ್ಲಿ ಆಗುವುದು ಇದರ ವಿರುದ್ಧ. ಏಳು ತಿಂಗಳು ಒಮ್ಮೆಯೂ ಮುಟ್ಟುವುದಿಲ್ಲ, ಕೊನೆಯ ಅರವತ್ತು ದಿನ ರಾತ್ರಿ ಹಗಲು ಬಿಡುವುದಿಲ್ಲ. ಆ ಅರವತ್ತು ದಿನಗಳಲ್ಲಿ ಶಿಕ್ಷಕರು ಮನೆ ಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸುತ್ತಾರೆ, ತಮ್ಮ ಮನೆ ಮಕ್ಕಳನ್ನು ಬಿಟ್ಟು ಶಾಲೆಯಲ್ಲೇ ಉಳಿಯುತ್ತಾರೆ. ಆ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಅದರ ಕಾಲು ಭಾಗ ಜುಲೈಗೆ ಹೋಗಿದ್ದರೆ ಫಲ ಬೇರೆಯೇ ಇರುತ್ತಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬಾಯಿಪಾಠದ ವಿರುದ್ಧ ಮಾತಾಡುವುದು ಈಗ ಶಿಕ್ಷಣದ ಸಭೆಗಳಲ್ಲಿ ರೂಢಿ. ಅರ್ಥವಾಗದೆ ಉರು ಹೊಡೆಯುವುದು ಕೆಟ್ಟದ್ದೇ, ಒಪ್ಪುತ್ತೇನೆ. ಆದರೆ ನೆನಪಿಟ್ಟುಕೊಳ್ಳುವುದನ್ನೇ ಕೀಳಾಗಿ ಕಾಣುವುದು ಸರಿಯಲ್ಲ. ನೆನಪಿನಲ್ಲಿ ಏನೂ ಇಲ್ಲದ ತಲೆ ಯೋಚಿಸುವುದು ಯಾವುದರ ಮೇಲೆ? ನಮ್ಮ ಹಳೆಯ ಕನ್ನಡ ಶಾಲೆಗಳಲ್ಲಿ ಸಂಜೆ ಶಾಲೆ ಬಿಡುವ ಮುಂಚೆ ಮಕ್ಕಳು ಸಾಲಾಗಿ ನಿಂತು ಮಗ್ಗಿ ಒಪ್ಪಿಸುತ್ತಿದ್ದರು. ಎರಡರ ಮಗ್ಗಿಯಿಂದ ಹಿಡಿದು ಪಾವು, ಅರ್ಧ, ಮುಕ್ಕಾಲಿನ ಮಗ್ಗಿಯವರೆಗೆ. ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ. ಪ್ರತಿ ಸಂಜೆ ಒಳಗಿನಿಂದ ತೆಗೆಯಬೇಕಿತ್ತು, ತಪ್ಪಿದರೆ ಅಲ್ಲೇ ತಿದ್ದಿಕೊಳ್ಳಬೇಕಿತ್ತು, ನಾಳೆ ಮತ್ತೆ ಹೇಳಬೇಕಿತ್ತು. ಸಂಶೋಧಕರು ಈಗ ಹೇಳುವ ಎರಡು ವಿಧಾನಗಳೂ ಅದರಲ್ಲಿದ್ದವು. ಇಂದು ಎಪ್ಪತ್ತು ದಾಟಿದ ವ್ಯಾಪಾರಿ ಕಾಗದ ಮುಟ್ಟದೆ ಮೂರು ಪಾವಿನ ಲೆಕ್ಕ ಹೇಳುತ್ತಾರಲ್ಲ, ಅದು ಆ ಸಂಜೆಗಳ ಫಲ. ಆ ಪದ್ಧತಿಯಲ್ಲಿ ಬೆತ್ತವೂ ಇತ್ತು, ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಬೆತ್ತದ ಜೊತೆಗೆ ಒಪ್ಪಿಸುವುದನ್ನೂ ಹೊರಗೆ ಹಾಕಿದೆವು. ಗಟ್ಟಿಯಾಗಿ ಓದುವ ದನಿ ಉಳಿಯಿತು, ಪುಸ್ತಕ ಮುಚ್ಚುವ ಶಿಸ್ತು ಉಳಿಯಲಿಲ್ಲ.

ಗಣಿತದಲ್ಲಿ ಇದರ ಪೆಟ್ಟು ಇನ್ನೂ ಜೋರು. ಹತ್ತನೆಯ ತರಗತಿಯ ಪುಸ್ತಕದಲ್ಲಿ ವರ್ಗಸಮೀಕರಣದ ಅಧ್ಯಾಯ ಮುಗಿದ ಮೇಲೆ ಬರುವ ಅಭ್ಯಾಸದ ಲೆಕ್ಕಗಳೆಲ್ಲ ವರ್ಗಸಮೀಕರಣದವೇ. ಯಾವ ದಾರಿ ಹಿಡಿಯಬೇಕೆಂದು ಮಗು ಯೋಚಿಸಬೇಕಾಗಿಯೇ ಇಲ್ಲ. ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಒಂದು ಹೊಲದ ಉದ್ದ ಅಗಲಕ್ಕಿಂತ 5 ಮೀಟರ್ ಹೆಚ್ಚು, ವಿಸ್ತೀರ್ಣ 300 ಚದರ ಮೀಟರ್, ಅಗಲ ಎಷ್ಟು ಎಂದರೆ ವರ್ಗಸಮೀಕರಣ ಬೇಕು. ಅದೇ ಹೊಲದ ಸುತ್ತಳತೆ 70 ಮೀಟರ್, ಅಗಲ ಎಷ್ಟು ಎಂದರೆ ಸರಳ ರೇಖಾತ್ಮಕ ಸಮೀಕರಣ ಸಾಕು. ಎರಡಕ್ಕೂ ಉತ್ತರ 15 ಮೀಟರ್, ದಾರಿ ಬೇರೆ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಬಿಡಿಸದ ಮಗು ಪರೀಕ್ಷೆಯಲ್ಲಿ ಲೆಕ್ಕ ಓದಿ, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಕೂರುತ್ತದೆ. ಸೂತ್ರ ಗೊತ್ತಿರುತ್ತದೆ, ಯಾವ ಸೂತ್ರ ಎಂಬುದು ಗೊತ್ತಿರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೊಟ್ಟರು. ಒಂದು ಬಗೆಯ ಲೆಕ್ಕಗಳನ್ನೆಲ್ಲ ಒಟ್ಟಿಗೆ ಬಿಡಿಸಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89 ಸರಿ ಮಾಡಿದರು, ಕಲಸಿಕೊಟ್ಟ ಲೆಕ್ಕಗಳನ್ನು ಬಿಡಿಸಿದವರು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲಿನವರು ಶೇ 20ಕ್ಕೆ ಬಿದ್ದರು, ಎರಡನೆಯವರು ಶೇ 63ರಲ್ಲಿ ನಿಂತರು. ಕಲಿಯುವಾಗ ಸಲೀಸಾಗಿ ಬಂದದ್ದು ಉಳಿಯಲಿಲ್ಲ, ತಡವರಿಸಿ ಕಲಿತದ್ದು ಉಳಿಯಿತು. ತರಗತಿಯಲ್ಲಿ ಮಗು ತಡವರಿಸಿದ ಕೂಡಲೇ ಉತ್ತರ ಹೇಳಿಬಿಡುವ ನಮ್ಮ ಅಭ್ಯಾಸಕ್ಕೆ ಇದರಲ್ಲಿ ಪಾಠವಿದೆ.

ಈಗ ಪಾಸಿಂಗ್ ಪ್ಯಾಕೇಜಿನ ಮಾತು. ಉತ್ತರ ಕರ್ನಾಟಕದ ಯಾವ ಸರ್ಕಾರಿ ಪ್ರೌಢಶಾಲೆಗೆ ಹೋದರೂ ಈ ಹೆಸರು ಗೊತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಂಡಿತ ಬರುವ ಪ್ರಶ್ನೆಗಳನ್ನು ಆರಿಸಿ, ಭಾರತದ ನಕಾಶೆ, ಎರಡು ಪ್ರಮೇಯ, ನಾಲ್ಕು ಚಿತ್ರ, ಒಂದು ಪತ್ರ, ಒಂದು ಪದ್ಯ ಎಂದು ಸಣ್ಣ ಗಂಟು ಕಟ್ಟಿ ಹಿಂದುಳಿದ ಮಕ್ಕಳ ಕೈಗೆ ಕೊಡುತ್ತಾರೆ. ದೂರದಲ್ಲಿ ಕೂತು ಇದನ್ನು ಹೀಯಾಳಿಸುವವರಿದ್ದಾರೆ. ನನಗೆ ಆಗದು. 80 ಅಂಕದ ಪತ್ರಿಕೆಯಲ್ಲಿ 28 ಬಂದರೆ ಪಾಸು, 27 ಬಂದರೆ ನಪಾಸು ಎಂಬ ಗೆರೆ ಬಹುಕಾಲ ಇತ್ತು. ಆ ಒಂದು ಅಂಕದ ಈಚೆ ಬಾಗೇವಾಡಿಯ ಪಿಯು ಕಾಲೇಜು, ಆಚೆ ಹದಿನಾರನೆಯ ವರ್ಷಕ್ಕೇ ವರ ನೋಡುವ ಮಾತು ಎಂಬ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥ ಮಗುವಿಗೆ ಗಂಟು ಕಟ್ಟಿ ದಾಟಿಸಿದ ಅಕ್ಕೋರನ್ನು ನಾನು ತಪ್ಪುಗಾರರೆನ್ನಲಾರೆ. ಈಗ ತೇರ್ಗಡೆಯ ಗೆರೆಯನ್ನೇ ಶೇ 33ಕ್ಕೆ ಇಳಿಸಿದ್ದಾರೆ. ಕೆಲವು ಸಾವಿರ ಮಕ್ಕಳು ಇದರಿಂದ ದಾಟುತ್ತಾರೆ, ಸಂತೋಷ.

ಆದರೆ ದಾಟಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ? ನಕಾಶೆ ಮತ್ತು ಎರಡು ಪ್ರಮೇಯದ ಬಲದಿಂದ ಪಾಸಾದ ಹುಡುಗ ಐಟಿಐಗೆ ಹೋಗಿ ಭಿನ್ನರಾಶಿ ಬಾರದೆ ನಿಲ್ಲುತ್ತಾನೆ, ಪಿಯು ವಿಜ್ಞಾನಕ್ಕೆ ಹೋದ ಹುಡುಗಿ ಆರು ತಿಂಗಳಿಗೆ ಕಲಾ ವಿಭಾಗಕ್ಕೆ ಮರಳುತ್ತಾಳೆ. ಪ್ಯಾಕೇಜನ್ನು ಜನವರಿಯಲ್ಲಿ, ಉತ್ತರದ ರೂಪದಲ್ಲಿ ಕೊಡುತ್ತೇವೆ. ನನ್ನ ಆಕ್ಷೇಪ ಅದಕ್ಕೆ. ಅದೇ ಸಣ್ಣ ಗಂಟನ್ನು ಜೂನಿನಲ್ಲಿ, ಪ್ರಶ್ನೆಯ ರೂಪದಲ್ಲಿ ಕೊಟ್ಟು, ವಾರ ವಾರ ಪುಸ್ತಕ ಮುಚ್ಚಿಸಿ ಕೇಳಿದ್ದರೆ ಅದೇ ಒಳ್ಳೆಯ ಬುನಾದಿಯಾಗುತ್ತಿತ್ತು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ ವಿಜಯಪುರ ನಗರದ ಕೋಚಿಂಗ್ ಲೋಕವಿದೆ. ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ, ಆದರ್ಶ ಎಂದು ಫಲಕ ಹಾಕಿದ ವಸತಿ ಕೇಂದ್ರಗಳು. 1963ರಲ್ಲಿ ಆರಂಭವಾದ ಸೈನಿಕ ಶಾಲೆ ಇರುವ ಊರು ಇದು. ಆಲಮಟ್ಟಿಯಲ್ಲಿ ಜಿಲ್ಲೆಯ ನವೋದಯ ವಿದ್ಯಾಲಯವಿದೆ. ನವೋದಯದಲ್ಲಿ ಆರನೆಯ ತರಗತಿಗೆ ಸಿಗುವುದು 80 ಸೀಟು. ಅದಕ್ಕಾಗಿ ಎರಡು ತಾಸಿನಲ್ಲಿ 80 ಪ್ರಶ್ನೆ ಬಿಡಿಸಬೇಕು, ಅರ್ಧದಷ್ಟು ಆಕೃತಿಗಳ ಮೇಲಿನ ಮಾನಸಿಕ ಸಾಮರ್ಥ್ಯದವು. ಇದಕ್ಕೆ ಒಂಬತ್ತು ಹತ್ತು ವರ್ಷದ ಕೂಸುಗಳು ಅವ್ವನನ್ನು ಬಿಟ್ಟು ಬಂದು ಹಾಸ್ಟೆಲಿನಲ್ಲಿ ಇರುತ್ತವೆ. ನಸುಕಿನಲ್ಲಿ ಎಬ್ಬಿಸುತ್ತಾರೆ, ರಾತ್ರಿಯವರೆಗೂ ಕೂರಿಸುತ್ತಾರೆ. ಹಗಲು ಕಲಿತದ್ದು ತಲೆಯಲ್ಲಿ ನೆಲೆಗೊಳ್ಳಲು ನಿದ್ದೆ ಬೇಕು. ನಿದ್ದೆ ಕಡಿದು ಓದಿಸುವುದು ಓದಿನ ಬುಡಕ್ಕೇ ಪೆಟ್ಟು. ಸೀಟು ಸಿಗದ ನೂರಾರು ಮಕ್ಕಳು ಹತ್ತನೆಯ ವಯಸ್ಸಿಗೇ ಸೋತವರೆಂಬ ಭಾವ ಹೊತ್ತು ಊರಿಗೆ ಮರಳುತ್ತಾರೆ. ನನಗೆ ಇದು ಸಹಿಸಲಾಗದ ಸಂಗತಿ, ಜಿಲ್ಲೆಯ ಹಿರಿಯರು ಇದರ ಬಗ್ಗೆ ಗಟ್ಟಿಯಾಗಿ ಮಾತಾಡಬೇಕು.

ಆದರೂ ಆ ಕೇಂದ್ರಗಳಲ್ಲಿ ಒಂದು ಕೆಲಸ ಸರಿಯಾಗಿ ನಡೆಯುತ್ತದೆ: ದಿನವೂ ಟೆಸ್ಟು. ಮಗು ದಿನವೂ ಒಳಗಿನಿಂದ ತೆಗೆಯುತ್ತದೆ, ತಪ್ಪು ಅಂದೇ ಗೊತ್ತಾಗುತ್ತದೆ. ಅಲ್ಲಿಂದ ಹೊರಬಂದ ಮಕ್ಕಳು ಚುರುಕಾಗಿ ಕಾಣುವುದಕ್ಕೆ ಅದೊಂದು ಕಾರಣ. ಅದಕ್ಕೆ ಹಾಸ್ಟೆಲ್ ಬೇಕಿಲ್ಲ, ಸಾವಿರಾರು ರೂಪಾಯಿ ಫೀ ಬೇಕಿಲ್ಲ. ಶನಿವಾರ ಮುಂಜಾನೆಯ ಶಾಲೆಯಲ್ಲಿ ಅರ್ಧ ತಾಸು ಮತ್ತು ಒಂದು ಹಾಳೆ ಸಾಕು. ಹತ್ತು ಪ್ರಶ್ನೆ: ಐದು ಈ ವಾರದವು, ಮೂರು ಕಳೆದ ತಿಂಗಳವು, ಎರಡು ಜೂನಿನವು. ಪುಸ್ತಕ ಚೀಲದೊಳಗೆ. ಬರೆದಾದ ಮೇಲೆ ಮಗುವೇ ಪುಸ್ತಕ ತೆರೆದು ತನ್ನ ತಪ್ಪನ್ನು ಬೇರೆ ಬಣ್ಣದಲ್ಲಿ ತಿದ್ದಿಕೊಳ್ಳಬೇಕು. ಅಂಕ ಬೇಡ, ಯಾರೂ ಯಾರ ಹಾಳೆಯನ್ನೂ ನೋಡುವುದು ಬೇಡ.

"ಎಫ್‌ಎ ಪರೀಕ್ಷೆಗಳು ಇದಾವಲ್ರಿ" ಎಂದು ಶಿಕ್ಷಕರು ಕೇಳಬಹುದು. ಇವೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳನ್ನು ತಂದವರ ಉದ್ದೇಶವೂ ಇದೇ ಇತ್ತು. ಆದರೆ ಅಂಕ ದಾಖಲಿಸಬೇಕೆಂಬ ಒತ್ತಾಯ ಸೇರಿದ ಕೂಡಲೇ ಅವು ಕಡತದ ಕೆಲಸವಾದವು. ಅಂಕ ಇದ್ದಲ್ಲಿ ಮಗು ತಪ್ಪನ್ನು ಮುಚ್ಚಿಡುತ್ತದೆ, ಅಂಕ ಇಲ್ಲದಲ್ಲಿ ತೋರಿಸುತ್ತದೆ. ಪರೀಕ್ಷೆ ಅಂದರೆ ಕೈ ನಡುಗುವ ಮಗುವಿಗೂ ವಾರ ವಾರ ಬರುವ ಅಂಕವಿಲ್ಲದ ಹಾಳೆಯೇ ಔಷಧ. ಮಾರ್ಚಿನ ಹೊತ್ತಿಗೆ ಪ್ರಶ್ನೆಪತ್ರಿಕೆ ಅದಕ್ಕೆ ಅಪರಿಚಿತವಾಗಿರುವುದಿಲ್ಲ. ಪಠ್ಯ ಮುಗಿಸಲೇ ಸಮಯವಿಲ್ಲ, ಅತಿಥಿ ಶಿಕ್ಷಕರು ಬರುವುದೇ ತಡ ಎಂಬ ಮಾತು ನಿಜ. ಆದರೆ ಮುಗಿಸಿದ ಪಠ್ಯ ಮಗುವಿನ ತಲೆಯಲ್ಲಿ ಉಳಿಯದಿದ್ದರೆ ಮುಗಿಸಿದ್ದು ಯಾರಿಗಾಗಿ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹತ್ತನೆಯ ತರಗತಿಗೆ ಬಂದರೂ ಕನ್ನಡ ಪುಸ್ತಕದ ಒಂದು ಪುಟವನ್ನು ತಡೆಯಿಲ್ಲದೆ ಓದಲಾರದ ಮಕ್ಕಳಿದ್ದಾರೆ. ಅವರಿಗೆ ಯಾವ ತಂತ್ರ ಹೇಳಿ ಏನು? ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಆ ಮಗುವಿಗೆ ಮೊದಲು ಓದಲು ಕಲಿಸಬೇಕು, ಅದು ಮೂರನೆಯ ತರಗತಿಯಲ್ಲಿ ಆಗಬೇಕಿದ್ದ ಕೆಲಸ. ಶನಿವಾರದ ಹಾಳೆ ಇಷ್ಟನ್ನಂತೂ ಮಾಡುತ್ತದೆ: ಆ ಮಗು ಯಾರೆಂಬುದು ಜೂನಿನಲ್ಲೇ ಗೊತ್ತಾಗುತ್ತದೆ, ಫಲಿತಾಂಶದ ದಿನದವರೆಗೆ ಕಾಯಬೇಕಾಗಿಲ್ಲ.

ಮನೆಯ ಕಡೆಯಿಂದ ನೋಡಿದರೆ ಪುಸ್ತಕ ಮುಚ್ಚಿದ ಓದಿಗೆ ಒಂದು ದೊಡ್ಡ ಗುಣವಿದೆ, ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ನಗರದ ಮಗುವಿಗೆ ಓದಲು ಮೇಜಿದೆ, ಬಾಗಿಲು ಹಾಕಿಕೊಳ್ಳುವ ಕೋಣೆಯಿದೆ. ಮಸೂತಿಯ ಹುಡುಗಿಗೆ ಸಂಜೆ ನೀರು ತರುವುದಿದೆ, ರೊಟ್ಟಿ ಬಡಿಯುವುದಿದೆ, ಕಸ ಮುಸುರೆ ಇದೆ. ಹುಡುಗನಿಗೆ ಆಡು ಕಾಯುವುದಿದೆ, ಹೊಲಕ್ಕೆ ನೀರು ಬಿಡುವುದಿದೆ. ತೆರೆದ ಪುಸ್ತಕ ಬೇಡುವ ಓದಿಗೆ ಕೈ, ಕಣ್ಣು, ಬೆಳಕು ಮೂರೂ ಬಿಡುವಾಗಿರಬೇಕು. ನೆನಪಿನಿಂದ ತೆಗೆಯುವ ಓದಿಗೆ ಇದಾವುದೂ ಬೇಡ. ರೊಟ್ಟಿ ತಿರುವುತ್ತ "ಇವತ್ತು ವಿಜ್ಞಾನದೊಳಗ ಏನ್ ಹೇಳಿದ್ರು?" ಎಂದು ತನ್ನನ್ನೇ ಕೇಳಿಕೊಂಡು ದ್ಯುತಿಸಂಶ್ಲೇಷಣೆಯ ಹಂತಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಎಲ್ಲಿ ತಪ್ಪಿತೋ ಅದನ್ನು ರಾತ್ರಿ ಹತ್ತು ನಿಮಿಷ ಪುಸ್ತಕ ತೆರೆದು ನೋಡಿದರೆ ಸಾಕು. ಅಕ್ಷರ ಬಾರದ ಅವ್ವನೂ ಇಲ್ಲಿ ಮಾಸ್ತರಾಗಬಲ್ಲಳು: "ಸಾಲ್ಯಾಗ ಏನ್ ಕಲತಿ, ನನಗ ತಿಳಿಯುವಂಗ ಹೇಳು" ಎಂದರೆ ಸಾಕು. ಅವ್ವನಿಗೆ ತಿಳಿಯುವಂತೆ ಹೇಳಬೇಕಾದರೆ ಮಗುವಿಗೆ ಮೊದಲು ತಿಳಿದಿರಬೇಕು. ಕಬ್ಬಿನ ಗದ್ದೆಯ ಗುಡಿಸಲಿಗೆ ಹೋದ ಮಗುವಿಗೆ ಚೀಲ ತುಂಬ ಪುಸ್ತಕ ಒಯ್ಯಲಾಗದು. ವಿಷಯಕ್ಕೆ ಒಂದರಂತೆ ಆರು ಹಾಳೆ ಪ್ರಶ್ನೆಗಳನ್ನು ಶಿಕ್ಷಕರು ಬರೆದುಕೊಟ್ಟು, ಉತ್ತರಗಳನ್ನು ಮೊಬೈಲಿನಲ್ಲಿ ಕಳಿಸಿದರೆ ದಾರಿ ಪೂರ್ತಿ ಕಡಿಯುವುದಿಲ್ಲ. ಬಡವರ ಮಕ್ಕಳಿಗೆ ಈ ವಿಧಾನ ಶ್ರೀಮಂತರ ಮಕ್ಕಳಿಗಿಂತ ಹೆಚ್ಚು ಒಗ್ಗುತ್ತದೆ ಎಂಬುದೇ ನನ್ನ ವಾದದ ತಿರುಳು.

2024ರಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆದದ್ದು ಪಕ್ಕದ ಬಾಗಲಕೋಟೆ ಜಿಲ್ಲೆಯ ಹುಡುಗಿ. ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ರೈತನ ಮಗಳು 625ಕ್ಕೆ 625 ತೆಗೆದಳು. ಸರ್ಕಾರಿ ವಸತಿ ಶಾಲೆಯ ಮಗು ಏನು ಮಾಡಬಲ್ಲದು ಎಂಬುದಕ್ಕೆ ಅದು ಹೆಮ್ಮೆಯ ಸಾಕ್ಷಿ. "ಆಕಿ ನೋಡ್, ನೀನೂ ಅದಿ" ಎಂದು ಮನೆಯಲ್ಲಿರುವ ಮಗುವಿಗೆ ಚುಚ್ಚಲು ಮಾತ್ರ ಅದನ್ನು ಬಳಸಬಾರದು. ವಸತಿ ಶಾಲೆಯ ಮಗುವಿಗೆ ಹೊತ್ತಿಗೆ ಊಟವಿದೆ, ಓದಲು ಬಿಡುವಿದೆ, ಸಂಜೆಯೂ ಶಿಕ್ಷಕರಿದ್ದಾರೆ. ಅಷ್ಟನ್ನು ಎಲ್ಲ ಮಕ್ಕಳಿಗೂ ಕೊಡುವವರೆಗೆ ಹೋಲಿಕೆ ಅನ್ಯಾಯ.

ಸರ್ಕಾರ 2023–24ರಿಂದ ವಾರ್ಷಿಕ, ಪೂರಕ ಎಂಬ ಹೆಸರು ತೆಗೆದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದೆ. ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಇದು ಒಳ್ಳೆಯ ಬದಲಾವಣೆ ಎಂದು ನಾನು ನಂಬುತ್ತೇನೆ. ಆದರೆ ಮೊದಲ ಪರೀಕ್ಷೆಯಲ್ಲಿ ತಪ್ಪಿದ ಮಗು ಎರಡನೆಯದಕ್ಕೆ ಮಾಡುವುದೇನು? ಅದೇ ನೋಟ್ಸನ್ನು ಅದೇ ರೀತಿ ಮತ್ತೆ ಓದುತ್ತದೆ. ತಾನು ಎಲ್ಲಿ ತಪ್ಪಿದೆ ಎಂಬುದು ಅದಕ್ಕೆ ಗೊತ್ತಿಲ್ಲ, ಏಕೆಂದರೆ ತನ್ನ ಉತ್ತರಪತ್ರಿಕೆಯನ್ನು ಅದು ಮತ್ತೆ ಕಂಡೇ ಇಲ್ಲ. ಮೌಲ್ಯಮಾಪನವಾದ ಉತ್ತರಪತ್ರಿಕೆಯ ಪ್ರತಿ ಪಡೆಯುವ ಅವಕಾಶ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಲ್ಲಿದೆ. ಶುಲ್ಕ ಕಟ್ಟಿ ಅದನ್ನು ತರಿಸಿಕೊಳ್ಳುವವರು ಹೆಚ್ಚಾಗಿ 620 ಬಂದು 625 ಬರಬೇಕಿತ್ತು ಎನ್ನುವ ಮನೆಯವರು. ಅದು ನಿಜಕ್ಕೂ ಬೇಕಾದದ್ದು ನಪಾಸಾದ ಮಗುವಿಗೆ. ಸರ್ಕಾರ ನಪಾಸಾದ ಪ್ರತಿ ಮಗುವಿನ ಉತ್ತರಪತ್ರಿಕೆಯ ಪ್ರತಿಯನ್ನು ಫಲಿತಾಂಶದ ವಾರದಲ್ಲೇ, ಶುಲ್ಕವಿಲ್ಲದೆ ಅದರ ಶಾಲೆಗೆ ಕಳಿಸಬೇಕು. ಎರಡನೆಯ ಪರೀಕ್ಷೆಗೆ ಮುಂಚೆ ಸಿಗುವ ವಾರಗಳಲ್ಲಿ ಆಯಾ ವಿಷಯದ ಶಿಕ್ಷಕರು ಮಗುವಿನ ಪಕ್ಕ ಕೂತು, ಮಂಡಳಿಯ ಮಾದರಿ ಉತ್ತರವನ್ನು ಎದುರಿಗಿಟ್ಟುಕೊಂಡು, ತಪ್ಪಿದ ಒಂದೊಂದು ಪ್ರಶ್ನೆಯನ್ನೂ ಪುಸ್ತಕ ಮುಚ್ಚಿಸಿ ಮತ್ತೆ ಬರೆಸಬೇಕು. ಬೇಸಿಗೆ ರಜೆಯಲ್ಲಿ ಈ ಕೆಲಸಕ್ಕೆ ಬರುವ ಶಿಕ್ಷಕರಿಗೆ ಗಳಿಕೆ ರಜೆ ಕೊಡಬೇಕು, ಗುಳೆಯಿಂದ ಮರಳಿದ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವೂ ಸಿಗಬೇಕು.